ಸೊಸೆಯ ಪಾಲಿನ ಬೇಳೆ

ಸೌಟಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ನಾಲ್ಕು ನೂರು ಬಾಯಿಗೆ ಬೇಯಿಸಿ ಹಾಕಿ, ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಒಲೆಯ ಮುಂದೆ ಬಂದು ನಿಂತವನು. ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಮಗನೂ ಸೊಸೆಯೂ ಬೆಳಗಾಗುತ್ತಲೇ ಕೆಲಸಕ್ಕೆ ಹೊರಡುವವರು. ಅಡುಗೆಮನೆ ತಾನಾಗಿಯೇ ಅವನ ಪಾಲಿಗೆ ಬಂತು, ಅವನೂ ಖುಷಿಯಿಂದಲೇ ವಹಿಸಿಕೊಂಡ.

ಮನೆಯಲ್ಲಿ ತಟ್ಟೆ ನಾಲ್ಕು, ನಾಲಿಗೆ ಎರಡು ಬಗೆಯದು. ಮಗ ಶೀತಲಗೃಹದಲ್ಲಿ ಮಾಂಸ ಕತ್ತರಿಸಿ ಪೊಟ್ಟಣ ಕಟ್ಟುವ ಕೆಲಸದವನು. ಹಗಲೆಲ್ಲ ಮಾಂಸದ ನಡುವೆಯೇ ನಿಂತು ಬಂದರೂ ಸಂಜೆ ತಟ್ಟೆಗೆ ಒಂದು ತುಂಡಾದರೂ ಬೀಳದಿದ್ದರೆ ಅವನಿಗೆ ಉಂಡ ಹಾಗೇ ಆಗುತ್ತಿರಲಿಲ್ಲ. ಸೊಸೆ ಹುಟ್ಟಿದಾಗಿನಿಂದ ಮಾಂಸ ಬಾಯಿಗಿಟ್ಟವಳಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ "ನನಗೆ ಬೇಡ" ಎನ್ನುತ್ತಿದ್ದಳು, ಅಷ್ಟೇ. ಹಾಗಂತ ಬೇರೆಯವರ ತಟ್ಟೆ ನೋಡಿ ಮೂಗು ಮುರಿದವಳೂ ಅಲ್ಲ. ಹನ್ನೊಂದು ವರ್ಷದ ಮೊಮ್ಮಗಳು ಎರಡನ್ನೂ ತಿನ್ನುವವಳು. ಕೂಸಾಗಿದ್ದಾಗ ಅವಳು ಅಳುತ್ತಿದ್ದ ಧಾಟಿ ಕೇಳಿ ತಾತನೇ ಪಿಟೀಲು ಎಂದು ಕರೆದಿದ್ದ. ಈಗ ಶಾಲೆಯ ಗೆಳತಿಯರೂ ಹಾಗೇ ಕರೆಯುತ್ತಿದ್ದರು.

ಇಷ್ಟು ಜನರಿಗೆ ದಿನವೂ ಎರಡೆರಡು ಅಡುಗೆ ಮಾಡುವಷ್ಟು ಗ್ಯಾಸೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ. ಸೌಟಪ್ಪ ಕ್ಯಾಂಟೀನಿನ ಉಪಾಯವನ್ನೇ ಮನೆಗೆ ತಂದ. ದೊಡ್ಡ ಪಾತ್ರೆಯಲ್ಲಿ ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ಒಟ್ಟಿಗೇ ಹುರಿದು ಎರಡು ಪಾಲು ಮಾಡುವುದು. ಒಂದಕ್ಕೆ ಮಗ ತಂದ ಚೂರು ಮಾಂಸ, ಇನ್ನೊಂದಕ್ಕೆ ಕಾಳೋ ಬೇಳೆಯೋ ಆಲೂಗಡ್ಡೆಯೋ. ಒಂದೊಂದಕ್ಕೆ ಒಂದೊಂದು ಸೌಟು. ಮದುವೆಯ ಮಾತುಕತೆಯ ದಿನ ಸೊಸೆಯ ತಾಯಿ ಹಿಂದೆಮುಂದೆ ನೋಡುತ್ತಿದ್ದಾಗ ಅವನೇ ಮುಂದೆ ಬಂದು ಹೇಳಿದ್ದ: "ಮೂವತ್ತು ವರ್ಷದಲ್ಲಿ ಒಂದು ದಿನವೂ ನನ್ನ ಸೌಟು ಅದಲುಬದಲಾಗಿಲ್ಲ, ತಾಯಿ. ನಿಮ್ಮ ಮಗಳ ತಟ್ಟೆಗೆ ನಾನು ಜವಾಬ್ದಾರಿ." ಆ ತಾಯಿ ಅದನ್ನು ನಂಬಿ ಹೊರಟಿದ್ದರು.

ಚಳಿ ಶುರುವಾದ ವಾರ ಶೀತಲಗೃಹದವರು ಆರು ದಿನದ ಕೆಲಸವನ್ನು ಮೂರಕ್ಕೆ ಇಳಿಸಿದರು. ಮಗ ಸಂಜೆ ಬಂದು ಊಟದ ಮೇಜಿನ ಮೇಲೆ ವಾರದ ಖರ್ಚಿನ ದುಡ್ಡು ಇಟ್ಟ.

"ಈ ವಾರ ಇಷ್ಟೇ ಅಪ್ಪ."

ಸೌಟಪ್ಪ ಎತ್ತಿ ನೋಡಿದ. "ಎಣ್ಣೆಗೇ ಅರ್ಧ ಹೋಗುತ್ತೆ."

"ಎರಡೆರಡು ಬಗೆ ಯಾಕೆ ಮತ್ತೆ? ಒಂದೇ ಮಾಡು."

"ಯಾವ ಒಂದು?" ಎಂದಳು ಸೊಸೆ. ಔಷಧಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಗೋದಾಮಿನಿಂದ ಆಗಷ್ಟೇ ಬಂದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಿದ್ದಳು.

"ಎಲುಬು, ಚೂರು ನನಗೆ ಬಿಟ್ಟಿ ಸಿಗುತ್ತೆ. ನಿನ್ನ ಕಾಳಿಗೆ ಮಾತ್ರ ಅಂಗಡಿಗೆ ಹೋಗ್ಬೇಕು."

"ನನ್ನ ಕಾಳಿಗೆ ನನ್ನ ಸಂಬಳ ಇದೆ."

"ಅದು ಬಾಡಿಗೆಗೆ ಹೋಗುತ್ತಲ್ಲ."

"ಹಾಗಾದ್ರೆ ನಿಮ್ಮ ತಲೆ ಮೇಲಿನ ಸೂರು ನನ್ನದು, ನನ್ನ ತಟ್ಟೆಯ ಕಾಳು ನಿಮ್ಮದು. ಸರಿಹೋಯ್ತಲ್ಲ."

ಪಿಟೀಲು ಕಿಸಕ್ಕನೆ ನಕ್ಕಳು. ಮಗನೂ ನಕ್ಕ, ಆದರೆ ಅರ್ಧಕ್ಕೇ ನಿಲ್ಲಿಸಿದ.

ಅಲ್ಲಿಂದ ಸೌಟಪ್ಪನ ಓಡಾಟ ಶುರುವಾಯಿತು. ತರಕಾರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಹೋಗಿ, ಬಾಡಿದ್ದನ್ನೂ ಪೆಟ್ಟು ತಿಂದದ್ದನ್ನೂ ಆರಿಸಿ ತರುತ್ತಿದ್ದ. ಹೂಕೋಸಿನ ದಂಟು ಸಣ್ಣಗೆ ಹೆಚ್ಚಿದ. ಆಲೂಗಡ್ಡೆಯ ಸಿಪ್ಪೆ ಹುರಿದು ಉಪ್ಪು ಮೆಣಸು ಉದುರಿಸಿ ಪಿಟೀಲಿಗೆ ಕೊಟ್ಟ. ನಿನ್ನೆಯ ಬ್ರೆಡ್ಡು ಅಗ್ಗಕ್ಕೆ ಸಿಗುವ ಬೇಕರಿ ಎರಡು ಬೀದಿ ಆಚೆಗಿತ್ತು. ಮಂಡಿ ನೋವಿದ್ದರೂ ನಡೆದ. ಆದರೂ ಸೊಸೆಯ ಪಾತ್ರೆ ದಿನದಿಂದ ದಿನಕ್ಕೆ ತೆಳ್ಳಗಾಗುತ್ತಾ ಬಂತು. ಕೊನೆಕೊನೆಗೆ ಸೌಟು ಮುಳುಗಿಸಿ ತಳದಿಂದ ಕೆದಕಿದರೆ ಮಾತ್ರ ಬೇಳೆ ಸಿಗುತ್ತಿತ್ತು. ಮಗನ ಪಾತ್ರೆಯಲ್ಲಿ ಮಾಂಸ ಇರದಿದ್ದರೂ ಎಲುಬಿನ ರಸ ಗಟ್ಟಿಯಾಗಿ ಘಮಘಮ ಅನ್ನುತ್ತಿತ್ತು. ಶುಕ್ರವಾರ ಕೆಲಸ ಮುಗಿದ ಮೇಲೆ ಒಬ್ಬೊಬ್ಬರಿಗೆ ಒಂದು ಚೀಲ ಎಲುಬು ಒಯ್ಯಲು ಶೀತಲಗೃಹದವರ ಅಡ್ಡಿ ಇರಲಿಲ್ಲ.

ಒಂದು ದಿನ ಸೊಸೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಎರಡನೇ ಮಹಡಿಯಲ್ಲೇ ಕೂತುಬಿಟ್ಟಳು. ಪಕ್ಕದ ಮನೆಯವರು ಕೈ ಹಿಡಿದು ಮೇಲೆ ತಂದರು. ಮರುದಿನ ದವಾಖಾನೆಗೆ ಹೋದರೆ ರಕ್ತ ಕಮ್ಮಿ ಎಂದರು. ಮಾತ್ರೆ ಬರೆದುಕೊಟ್ಟು, ಜೊತೆಗೆ ಸೊಪ್ಪು, ಕಾಳು, ಹಾಲು, ಬಾದಾಮಿ, ಖರ್ಜೂರ ತಿನ್ನಬೇಕೆಂದು ಚೀಟಿಯ ಹಿಂದೆ ಪಟ್ಟಿ ಮಾಡಿದ್ದರು. ಮಗ ಆ ಪಟ್ಟಿಯನ್ನು ಎರಡು ಸಲ ಓದಿದ.

"ಬಾದಾಮಿಯಂತೆ. ನಮ್ಮನ್ನ ಯಾರು ಅಂದ್ಕೊಂಡ್ರು ಇವ್ರು? ನೋಡು, ದಿನಾ ಒಂದು ತುಂಡು ತಿಂದ್ರೆ ಇದೆಲ್ಲ ಬೇಕಾಗೇ ಇಲ್ಲ. ಮದ್ದು ಅಂತ ತಿನ್ನು."

"ನನಗೆ ಬೇಡ."

"ಬೇಡ, ಬೇಡ. ಬಿದ್ದು ಕೈಕಾಲು ಮುರ್ಕೊಂಡ್ರೆ ಬಾಡಿಗೆ ಯಾರು ಕಟ್ತಾರೆ?"

"ಅದೇ ಅಲ್ವಾ ನಿಮಗಿರೋ ಚಿಂತೆ."

ಮಗ ತಟ್ಟೆ ತಳ್ಳಿ ಎದ್ದು ಹೋದ. ಮಾತು ತಪ್ಪಿ ಬಾಯಿಂದ ಬಿದ್ದದ್ದು ಎಂದು ಸೌಟಪ್ಪನಿಗೆ ಗೊತ್ತಿತ್ತು, ಸೊಸೆಗೂ ಗೊತ್ತಿತ್ತು. ಆದರೂ ಬಿದ್ದ ಮಾತನ್ನು ಎತ್ತಿಕೊಳ್ಳಲು ಯಾರೂ ಮುಂದಾಗಲಿಲ್ಲ.

ಆ ವಾರದ ಬುಧವಾರ ಡಬ್ಬದಲ್ಲಿ ಉಳಿದದ್ದು ಒಂದು ಹಿಡಿ ಬೇಳೆ. ಟೊಮೆಟೊ ಮುಗಿದಿತ್ತು. ಈರುಳ್ಳಿ ಒಂದೇ. ಸೌಟಪ್ಪ ಬೇಳೆ ಬೇಯಿಸಿ ರುಚಿ ನೋಡಿದ. ಬಿಸಿನೀರಿಗೆ ಅರಿಶಿನ ಕದಡಿದ ಹಾಗಿತ್ತು. ಪಕ್ಕದ ಒಲೆಯ ಮೇಲೆ ಎಲುಬು ಮೂರು ತಾಸಿನಿಂದ ಕುದಿಯುತ್ತಿತ್ತು. ಹೊರಗೆ ಸೊಸೆ ಪಿಟೀಲಿನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಮೂರು ಸಲ ನೋಡಿ, ಆಗದೆ, ಸೂಜಿಯನ್ನು ಮಗಳ ಕೈಗೆ ಕೊಟ್ಟಳು. ಅವಳ ಉಗುರುಗಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದವು.

ಸೌಟಪ್ಪ ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿದ. ಎಲುಬಿನ ರಸವನ್ನು ಬಟ್ಟೆಯಲ್ಲಿ ಎರಡು ಸಲ ಸೋಸಿದ, ಮೇಲೆ ತೇಲುವ ಜಿಡ್ಡನ್ನು ಚಮಚದಿಂದ ತೆಗೆದ, ಒಂದು ಸೌಟು ಬೇಳೆಗೆ ಹಾಕಿದ. ರುಚಿ ನೋಡಿ ಇನ್ನೊಂದು ಸೌಟು ಹಾಕಿದ. ಬೆಳ್ಳುಳ್ಳಿ ಕರಿದು ಮೇಲೆ ಸುರಿದು ಮುಚ್ಚಿಟ್ಟ.

ಸೊಸೆ ಆ ದಿನ ಎರಡು ಸಲ ಬಡಿಸಿಕೊಂಡಳು.

"ಮಾವ, ಇವತ್ತು ಬೇಳೆಗೆ ಏನು ಮಾಡಿದ್ರಿ? ತುಂಬ ಚೆನ್ನಾಗಿದೆ."

"ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕಿದೆ ಮಗಳೇ," ಎಂದ.

ಒಂದೇ ದಿನ ಎಂದುಕೊಂಡಿದ್ದ. ಆದರೆ ಮರುದಿನದ ರಸವಿಲ್ಲದ ಬೇಳೆಯನ್ನು ಸೊಸೆ ಅರ್ಧಕ್ಕೇ ಬಿಟ್ಟು ಎದ್ದಳು, ಅದರ ಮರುದಿನ ಮತ್ತೆ ಅವನ ಕೈ ಆ ಪಾತ್ರೆಗೇ ಹೋಯಿತು. ಆಮೇಲೆ ಅದೇ ರೂಢಿಯಾಯಿತು. ಎರಡು ವಾರ, ಮೂರು ವಾರ. ಮಾತ್ರೆಯಿಂದಲೋ ರಸದಿಂದಲೋ ಅಂತೂ ಸೊಸೆಯ ಮುಖದಲ್ಲಿ ಸ್ವಲ್ಪ ಕಳೆ ಬಂತು. ಮೆಟ್ಟಿಲನ್ನು ನಿಲ್ಲದೆ ಹತ್ತತೊಡಗಿದಳು. ಒಂದು ಸಂಜೆ ಗಂಡನ ಜೊತೆ ಏನೋ ಹೇಳಿಕೊಂಡು ಗಟ್ಟಿಯಾಗಿ ನಕ್ಕದ್ದೂ ಅಡುಗೆಮನೆಗೆ ಕೇಳಿಸಿತು. ಸೌಟಪ್ಪನಿಗೆ ಹಿಗ್ಗಾಯಿತು. ಆ ಹಿಗ್ಗಿನ ಬೆನ್ನಿಗೇ ಮಧ್ಯಾಹ್ನದ ಡಬ್ಬಿಯ ಚಿಂತೆ ಹತ್ತಿಕೊಂಡಿತು. ಸೊಸೆ ಉಳಿದ ಬೇಳೆಯನ್ನು ಮಧ್ಯಾಹ್ನಕ್ಕೆಂದು ಡಬ್ಬಿಯಲ್ಲಿ ಒಯ್ಯುವವಳು. ಎಲುಬಿನ ರಸ ತಣ್ಣಗಾದರೆ ಹೆಪ್ಪುಗಟ್ಟುತ್ತದೆ ಎಂಬುದು ಅವನಂಥ ಅಡುಗೆಯವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನವೂ ಅವಳು ಏಳುವ ಮುಂಚೆ ಎದ್ದು, ಬೇಳೆ ಕುದಿಸಿ, ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿ, ದಪ್ಪ ಬಟ್ಟೆ ಸುತ್ತಿ ಕೊಡುತ್ತಿದ್ದ.

"ನೀವ್ಯಾಕೆ ಇಷ್ಟು ಬೇಗ ಏಳ್ತೀರಿ ಮಾವ? ನಾನೇ ತುಂಬ್ಕೊಳ್ತೀನಿ."

"ನಿದ್ದೆ ಬರಲ್ಲ ಮಗಳೇ, ವಯಸ್ಸಾಯ್ತು."

ಐದನೇ ವಾರ ಗ್ಯಾಸು ಮುಗಿಯಿತು. ರಾತ್ರಿಯ ಅಡುಗೆ ಹೇಗೋ ಆಯಿತು, ಬೆಳಿಗ್ಗೆ ಒಲೆ ಹೊತ್ತಲಿಲ್ಲ. ಸೌಟಪ್ಪ ಖಾಲಿ ಸಿಲಿಂಡರು ಉರುಳಿಸಿಕೊಂಡು ಹೋಗಿ ಸಾಲಿನಲ್ಲಿ ನಿಂತ. ಅವಳು ಹೊರಡುವ ಮೊದಲು ವಾಪಸ್ಸು ಬರುವೆನೆಂದುಕೊಂಡಿದ್ದ. ಸಾಲು ಬೀದಿಯ ತಿರುವಿನ ತನಕ ಇತ್ತು. ಮನೆಗೆ ಬಂದಾಗ ಸೊಸೆ ಹೋಗಿಯಾಗಿತ್ತು. ಬೇಳೆಯ ಪಾತ್ರೆ ಖಾಲಿಯಾಗಿ, ತೊಳೆದು ಬೋರಲು ಹಾಕಲಾಗಿತ್ತು.

ಆ ಹಗಲು ಅವನು ಮೂರು ಸಲ ಚಪ್ಪಲಿ ಹಾಕಿಕೊಂಡು ಮೂರು ಸಲ ಬಿಚ್ಚಿದ. ಗೋದಾಮಿನ ತನಕ ಹೋದರೂ ಏನೆಂದು ಹೇಳಿ ಆ ಡಬ್ಬಿ ಕಸಿದುಕೊಳ್ಳುವುದು?

ಸಂಜೆ ಸೊಸೆ ಬಂದಳು. ಮಗನೂ ಪಿಟೀಲೂ ಮೇಜಿನ ಮುಂದೆಯೇ ಇದ್ದರು. ಅವಳು ಚೀಲದಿಂದ ಡಬ್ಬಿ ತೆಗೆದು ಮಧ್ಯದಲ್ಲಿಟ್ಟು ಮುಚ್ಚಳ ತೆರೆದಳು. ಮೇಲೆ ಬೆಳ್ಳಗೆ ಜಿಡ್ಡಿನ ಕೆನೆ. ಡಬ್ಬಿಯನ್ನು ಓರೆ ಮಾಡಿದಳು. ಬೇಳೆ ಹರಿಯಲಿಲ್ಲ, ಇಡಿಯಾಗಿ ಅಲುಗಿತು.

"ನನ್ನ ಪಕ್ಕ ಚೀಟಿ ಅಂಟಿಸೋ ಅಕ್ಕ ನೋಡಿದ್ರು. ಅವರ ಮನೇಲಿ ಎಲುಬು ಬೇಯಿಸ್ತಾರೆ. 'ಕೊನೆಗೂ ಶುರುಮಾಡಿದ್ಯಾ, ಒಳ್ಳೇದಾಯ್ತು ಬಿಡು' ಅಂದ್ರು." ಅವಳ ಧ್ವನಿ ಏರಲಿಲ್ಲ. "ಎಷ್ಟು ದಿನದಿಂದ ಮಾವ?"

ನಿನ್ನೆ ಒಂದೇ ದಿನ ಎಂದುಬಿಡಬಹುದಿತ್ತು. ಕೈತಪ್ಪಿ ಸೌಟು ಬದಲಾಯಿತು ಎನ್ನಬಹುದಿತ್ತು. ಎರಡೂ ಮಾತು ಅವನ ನಾಲಿಗೆಯ ತುದಿಗೆ ಬಂದವು.

"ಐದು ವಾರ ಆಯ್ತು," ಎಂದ.

ಮಗ ಮೊದಲು ಅಪ್ಪನ ಮುಖ ನೋಡಿದ, ಆಮೇಲೆ ಡಬ್ಬಿ ನೋಡಿದ. ಏನು ಮಾಡುವುದೆಂದು ತಿಳಿಯದೆ ನಕ್ಕುಬಿಟ್ಟ. "ಹೋಗ್ಲಿ ಬಿಡು. ಸತ್ತೇನೂ ಹೋಗಿಲ್ವಲ್ಲ. ಮುಖದಲ್ಲಿ ಎಷ್ಟು ಕಳೆ ಬಂದಿದೆ, ಕನ್ನಡಿ ನೋಡ್ಕೋ."

ಅವಳು ಅವನ ಕಡೆ ತಿರುಗಲೂ ಇಲ್ಲ.

"ಬೇಕಾ ಅಂತ ಒಂದು ಮಾತು ಕೇಳಬಹುದಿತ್ತಲ್ವಾ ಮಾವ."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು. ಅಂತಿದ್ದೆ."

ಅವಳು ಎದ್ದು ಬಚ್ಚಲಿಗೆ ಹೋದಳು. ಬಾಯಿ ಮುಕ್ಕಳಿಸುವ ಸದ್ದು ತುಂಬ ಹೊತ್ತು ಕೇಳುತ್ತಿತ್ತು. ಮೂವರೂ ಡಬ್ಬಿಯ ಸುತ್ತ ಕೂತೇ ಇದ್ದರು. ಆಮೇಲೆ ಪಿಟೀಲು ಮೆಲ್ಲಗೆ ಮುಚ್ಚಳ ಹಾಕಿದಳು.

"ತಾತ, ಅಮ್ಮನಿಗೆ ಗೊತ್ತೇ ಇರ್ಲಿಲ್ಲ ಅಂದ್ರೆ ತಿಂದ ಹಾಗೆ ಆಗುತ್ತಾ?"

"ತಿನ್ನಿಸಿದವನಿಗೆ ಗೊತ್ತಿತ್ತಲ್ಲ ಪುಟ್ಟಿ."

ಮಾರನೆಯ ಬೆಳಿಗ್ಗೆ ಸೌಟಪ್ಪ ತಪ್ಪಾಯ್ತು ಎಂದ. ಸಂಜೆ ಸೊಸೆ ಕರೆಂಟಿನ ಒಂದು ಸಣ್ಣ ಒಲೆ, ಒಂದು ಪಾತ್ರೆ, ಒಂದು ಚಮಚ ಕೊಂಡು ತಂದಳು. ಮಲಗುವ ಕೋಣೆಯ ಕಿಟಕಿಯ ಕೆಳಗೆ ಇಟ್ಟುಕೊಂಡಳು. ಹತ್ತು ತಾಸು ನಿಂತು ಬಂದು, ಮತ್ತೆ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ಆಲೂಗಡ್ಡೆ ಬೇಯಿಸುತ್ತಿದ್ದಳು. ಕೆಲವು ದಿನ ಅದಕ್ಕೂ ಶಕ್ತಿ ಇರದೆ ಬ್ರೆಡ್ಡಿಗೆ ಉಪ್ಪು ಟೊಮೆಟೊ ಇಟ್ಟುಕೊಂಡು ತಿಂದು ಮಲಗುತ್ತಿದ್ದಳು. ಮಾವನ ಮೇಲೆ ಒಂದು ದಿನವೂ ಧ್ವನಿ ಎತ್ತಲಿಲ್ಲ. ನೀರು ಬಿಸಿ ಇದೆಯಾ ಮಾವ, ಮಂಡಿಗೆ ಎಣ್ಣೆ ಹಚ್ಕೊಂಡ್ರಾ ಮಾವ, ಎಂದು ಮೊದಲಿನ ಹಾಗೇ ಕೇಳುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಸೌಟಪ್ಪನಿಗೆ ಅನ್ನಿಸುತ್ತಿತ್ತು.

ಒಂದು ಮನೆಯ ಊಟಕ್ಕೇ ಸಾಲದ ದುಡ್ಡಿನಲ್ಲಿ ಈಗ ಎರಡು ಅಡುಗೆ. ಎರಡು ಎಣ್ಣೆ, ಎರಡು ಉಪ್ಪು. ಕರೆಂಟಿನ ಬಿಲ್ಲು ಬಂದ ದಿನ ಮಗ ಕೋಣೆಯ ಬಾಗಿಲಲ್ಲಿ ನಿಂತು ಕೂಗಾಡಿದ.

"ಅಪ್ಪ ತಪ್ಪಾಯ್ತು ಅಂತ ಹೇಳಿದ್ರಲ್ಲ. ಕಾಲು ಹಿಡೀಬೇಕಾ ಇನ್ನು?"

"ನಾನು ಯಾರಿಗೂ ಕಾಲು ಹಿಡಿ ಅಂದಿಲ್ಲ."

"ಮತ್ತೇನು ಬೇಕು ನಿನಗೆ?"

"ಏನೂ ಬೇಡ. ನನ್ನ ಪಾಡಿಗೆ ನಾನು ತಿಂತಿದ್ದೀನಿ."

"ಇದು ತಿನ್ನೋದಾ? ಕೈ ನೋಡು ನಿನ್ನದು."

ಪಿಟೀಲು ಅಡುಗೆಮನೆಗೂ ಕೋಣೆಗೂ ನಡುವೆ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಒಂದು ದಿನ ತಾತನ ಹತ್ತಿರ, ಒಂದು ದಿನ ಅಮ್ಮನ ಹತ್ತಿರ. ಕೂರುವ ಮುಂಚೆ ಇನ್ನೊಬ್ಬರ ಕಡೆ ಒಮ್ಮೆ ನೋಡುವುದು ಅವಳಿಗೆ ಅಭ್ಯಾಸವಾಯಿತು.

ಚಳಿ ಕಮ್ಮಿಯಾಗುವ ಹೊತ್ತಿಗೆ ಶೀತಲಗೃಹಕ್ಕೆ ಹೊಸ ಗುತ್ತಿಗೆದಾರ ಬಂದ. ಎಲುಬು, ಚೂರು ಎಲ್ಲವನ್ನೂ ತೂಕಕ್ಕೆ ಹಾಕಿ ಮಾರತೊಡಗಿದ. ಕೆಲಸದವರ ಚೀಲ ತಪಾಸಣೆ ಶುರುವಾಯಿತು. ಮಗ ಬರಿಗೈಯಲ್ಲಿ ಬಂದ. ಹೀಗೆ, ಇಷ್ಟೆಲ್ಲ ಆದ ಮೇಲೆ, ಮನೆಯ ಮಾಂಸ ತಾನಾಗಿಯೇ ನಿಂತಿತು. ಮಗ ಮೊದಲೆರಡು ದಿನ ಮುಖ ಸಿಂಡರಿಸಿ ಆಮೇಲೆ ಕೊಟ್ಟದ್ದನ್ನು ತಿಂದ. ಈಗ ನಾಲ್ಕೂ ತಟ್ಟೆಗೆ ಒಂದೇ ಪಾತ್ರೆ ಸಾಕಿತ್ತು. ಸೌಟಪ್ಪ ಎರಡು ದಿನ ಕೂತು, ಬೂದಿ ಹಾಕಿ, ನಿಂಬೆಹೋಳು ಹಾಕಿ ಪಾತ್ರೆಗಳನ್ನೆಲ್ಲ ಉಜ್ಜಿದ. ಹಳೆಯ ಸೌಟುಗಳನ್ನು ಗುಜರಿಯವನಿಗೆ ಕೊಟ್ಟು ಹೊಸದೊಂದು ತಂದ. ಸೊಸೆಗೆ ತೋರಿಸಿದ. ಅವಳು ನೋಡಿ, "ಬೆರಳು ಒಡೆದಿದೆ ಮಾವ, ಮುಲಾಮು ಹಚ್ಕೊಳ್ಳಿ" ಎಂದಳು. ಸಂಜೆ ತನ್ನ ಆಲೂಗಡ್ಡೆ ಬೇಯಿಸಿಕೊಂಡಳು.

ಅದಾದ ಹತ್ತು ದಿನಕ್ಕೆ ಗೋದಾಮಿನಲ್ಲೇ ಬಿದ್ದಳು. ಮೇಜಿನ ಅಂಚು ತಾಗಿ ಹುಬ್ಬಿನ ಮೇಲೆ ಮೂರು ಹೊಲಿಗೆ. ಮೇಲ್ವಿಚಾರಕ ಎರಡು ವಾರ ಬರಬೇಡ ಎಂದ. ಆ ಎರಡು ವಾರದ ಸಂಬಳವೂ ಇಲ್ಲ, ಆಮೇಲೆ ಕರೆಯುತ್ತಾರೆಂಬ ಭರವಸೆಯೂ ಇಲ್ಲ. ಮಗ ಅವಳನ್ನು ಕರೆತಂದು ಮಲಗಿಸಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅವನ ಸಿಟ್ಟೆಲ್ಲ ಇಳಿದುಹೋಗಿತ್ತು.

"ಅಪ್ಪ, ಏನಾದ್ರೂ ಮಾಡು."

ಸೌಟಪ್ಪ ಕಾಳಿನ ಡಬ್ಬ ಇಳಿಸಿ, ಉಳಿದದ್ದನ್ನು ಅಂಗೈಗೆ ಸುರಿದು ನೋಡಿದ.

ಮರುದಿನ ಇಳಿಹೊತ್ತಿನಲ್ಲಿ ಸೌಟಪ್ಪ ಸೊಸೆಯ ಕೋಣೆಗೆ ಹೋದ. "ಮಗಳೇ, ಅಡುಗೆಮನೆಗೆ ಬಂದು ಕುರ್ಚಿಯಲ್ಲಿ ಕೂತ್ಕೋ. ನೀನು ಏನೂ ಮಾಡ್ಬೇಡ. ನಾನು ಏನೇನು ಹಾಕ್ತೀನಿ, ಕಣ್ಣಾರೆ ನೋಡು."

ಅವಳು ಸ್ವಲ್ಪ ಯೋಚಿಸಿ ಎದ್ದು ಬಂದಳು. ಗೋಡೆಗೆ ತಲೆ ಆನಿಸಿ ಕೂತಳು.

ಅವನು ಪಾತ್ರೆಯನ್ನು ಅವಳೆದುರಿಗೇ ಮತ್ತೆ ತೊಳೆದ. ಬಟ್ಟಲು ತುಂಬ ಕಾಳು ತೋರಿಸಿದ. ಆ ಕಾಳಿಗಾಗಿ ಅವನು ತನ್ನ ಮಂಡಿಯ ಔಷಧಿ ಬಿಟ್ಟಿದ್ದ, ಅದನ್ನು ಹೇಳಲಿಲ್ಲ. ನೀರು ನಲ್ಲಿಯಿಂದ ನೇರವಾಗಿ ಹಿಡಿದ. ಈರುಳ್ಳಿ, ಎರಡು ಟೊಮೆಟೊ, ಒಂದು ಕಟ್ಟು ಸೊಪ್ಪು, ಉಪ್ಪು, ಮೆಣಸು. ಒಂದೊಂದನ್ನೂ ಎತ್ತಿ ಹಿಡಿದು ಹೆಸರು ಹೇಳಿ ಹಾಕಿದ, ಹೊಸದಾಗಿ ಕೆಲಸಕ್ಕೆ ಸೇರಿದವನು ಯಜಮಾನನಿಗೆ ಒಪ್ಪಿಸುವ ಹಾಗೆ. ಪಿಟೀಲು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಾಳು ಬೆಂದು ಒಡೆದು ಒಳ್ಳೆಯ ವಾಸನೆ ಬಂತು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಹೊಟ್ಟೆ ತುಂಬುವ ಅಡುಗೆಯಾಗಿತ್ತು.

ನಾಲ್ಕು ತಟ್ಟೆ ಹಾಕಿ ಬಡಿಸಿದ. ಮಗ ಬಂದು ಕೂತ. ಸೊಸೆ ಚಮಚ ತುಂಬಿಕೊಂಡು ಬಾಯಿಯ ತನಕ ಒಯ್ದಳು. ಚಮಚ ಹಾಗೇ ನಿಂತಿತು. ಕಣ್ಣಲ್ಲಿ ನೀರು ಬಂತು. ಮೆಲ್ಲಗೆ ಚಮಚವನ್ನು ತಟ್ಟೆಗೆ ಇಳಿಸಿದಳು.

"ನೀವು ಏನೂ ಹಾಕಿಲ್ಲ ಮಾವ. ನಾನು ನೋಡ್ದೆ. ನನಗೆ ಗೊತ್ತು. ಆದ್ರೆ ಬಾಯೊಳಗೆ ಹೋಗ್ತಿಲ್ಲ. ಬೇಜಾರು ಮಾಡ್ಕೋಬೇಡಿ."

"ಒಂದೇ ಒಂದು ತುತ್ತು," ಎಂದ ಮಗ. ಬೇಡುವ ದನಿಯಿತ್ತು.

ಅವಳು ತಲೆಯಾಡಿಸಿದಳು. ಮೊಂಡುತನದಿಂದಲ್ಲ, ತನ್ನಿಂದಾಗದ ಭಾರವನ್ನು ಎತ್ತು ಎಂದಾಗ ಆಡಿಸುವ ಹಾಗೆ. ತಟ್ಟೆಯನ್ನು ಗಂಡನ ಕಡೆ ಸರಿಸಿ, ಬ್ರೆಡ್ಡಿನ ಒಂದು ತುಂಡು ಮುರಿದುಕೊಂಡಳು. ಪಿಟೀಲು ಚಮಚ ಮುಟ್ಟದೆ ಅಮ್ಮನನ್ನೇ ನೋಡುತ್ತಿದ್ದಳು.

"ನೀನು ತಿನ್ನು," ಎಂದಳು ಸೊಸೆ.

ಹುಡುಗಿ ತಲೆ ತಗ್ಗಿಸಿ ತಿನ್ನತೊಡಗಿದಳು. ಮಗನೂ ತಿಂದ. ಅವನಿಗೆ ಹಸಿವಾಗಿತ್ತು. ತನ್ನ ತಟ್ಟೆ ಮುಗಿಸಿ, ಹೆಂಡತಿಯ ತಟ್ಟೆಯನ್ನೂ ಎಳೆದುಕೊಂಡ.

ಸೌಟಪ್ಪ ಒಲೆಯ ಹತ್ತಿರ ನಿಂತೇ ಇದ್ದ. ಸೊಸೆ ಬ್ರೆಡ್ಡು ಅಗಿಯುತ್ತಾ ಅವನ ಕಡೆ ತಿರುಗಿ ನೋಡಿದಳು. ಮನೆಗೆ ಬಂದ ನೆಂಟರನ್ನು ಉಪಚರಿಸುವ ಮರ್ಯಾದೆಯಿಂದ ಹೇಳಿದಳು:

"ನೀವೂ ಕೂತ್ಕೊಳ್ಳಿ ಮಾವ. ಆರಿಹೋಗುತ್ತೆ."

ಅವನು ಕೂತ.